ಇಂಗ್ಲಿಷ್ ಪತ್ರದಲ್ಲಿ ‘ಹೂ’, ‘ವಿಚ್’ ಬಂದರೆ ಯಾರು, ಯಾವುದು ಎಂದು ಹಿಡಿಯುವುದು ಹೇಗೆ?

ಮೂಡಿಗೆರೆ ಸುತ್ತಿನ ಎಷ್ಟೋ ಕಾಫಿ ತೋಟಗಳ ಹಳೆಯ ಕ್ರಯಪತ್ರಗಳು ಇಂಗ್ಲಿಷಿನಲ್ಲಿವೆ. ವಕೀಲರ ಕಚೇರಿಯಲ್ಲಿ ಅವನ್ನು ಓದಿ ಕಕ್ಷಿದಾರರಿಗೆ ಕನ್ನಡದಲ್ಲಿ ತಿಳಿಸಿ ಹೇಳುವುದು ನನ್ನ ಕೆಲಸ. ಕಠಿಣ ಕಾನೂನು ಪದಗಳಿಗೆ ನಿಘಂಟು ಇದೆ. ಓದುವವರು ಎಡವುವುದು ‘ಹೂ’, ‘ಹೂಮ್’, ‘ಹೂಸ್’, ‘ವಿಚ್’, ‘ದಟ್’ ಎಂಬ ಪುಟ್ಟ ಪದಗಳಲ್ಲಿ. ವ್ಯಾಕರಣದವರು ಇವನ್ನು ರಿಲೇಟಿವ್ ಪ್ರೊನೌನ್ ಎನ್ನುತ್ತಾರೆ. ಕನ್ನಡದಲ್ಲಿ ಸಂಬಂಧಾರ್ಥಕ ಸರ್ವನಾಮ. ಸಾಮಾನ್ಯವಾಗಿ ಇವು ವಾಕ್ಯದಲ್ಲಿ ಮೊದಲೇ ಬಂದ ಒಂದು ನಾಮಪದದ ಬದಲಿಗೆ ನಿಲ್ಲುತ್ತವೆ. ಆ ನಾಮಪದ ಯಾವುದೆಂದು ಹಿಡಿಯುವುದನ್ನೇ ಕಚೇರಿಗೆ ಹೊಸದಾಗಿ ಸೇರಿದವರಿಗೆ ನಾನು ಮೊದಲು ಕಲಿಸುತ್ತೇನೆ. ಸರ್ವೆ ನಂಬರ್ ಓದುವುದು ಆಮೇಲೆ.

ನಮಗೆ ಇದು ಕಷ್ಟವಾಗಲು ಕಾರಣವಿದೆ. ‘ತೋಟ ಕೊಂಡ ಯಜಮಾನರು’ ಎನ್ನುವಾಗ ಕನ್ನಡದಲ್ಲಿ ವಿವರಣೆ ಮುಂಚೆ, ವ್ಯಕ್ತಿ ಆಮೇಲೆ. ನಮ್ಮ ಕಣ್ಣು ವಿವರಣೆಯಿಂದ ಮುಂದಕ್ಕೆ ಹೋಗಿ ಹೆಸರನ್ನು ಹುಡುಕುತ್ತದೆ. ಇಂಗ್ಲಿಷಿನಲ್ಲಿ ಇದು ತಿರುವುಮುರುವು. ‘ದಿ ಮ್ಯಾನ್ ಹೂ ಬಾಟ್ ದಿ ಎಸ್ಟೇಟ್ ಲಿವ್ಸ್ ಇನ್ ಹಾಸನ್’ ಎಂಬಲ್ಲಿ ಮನುಷ್ಯ ಮೊದಲೇ ಬಂದುಬಿಟ್ಟಿದ್ದಾನೆ. ಕೊಂಡ ವಿಚಾರ ಆಮೇಲೆ ಬರುತ್ತದೆ. ಆದ್ದರಿಂದ ‘ಹೂ’ ಕಂಡ ತಕ್ಷಣ ಪೆನ್ಸಿಲನ್ನು ಎಡಕ್ಕೆ ಸರಿಸಬೇಕು.

ಎಡಕ್ಕೆ ಸರಿದ ಮೇಲೆ ಹತ್ತಿರದ ನಾಮಪದಕ್ಕೆ ಗಂಟು ಹಾಕಿ ಮುಗಿಸಬಾರದು. ‘ದಿ ಕೀಸ್ ಆಫ್ ದಿ ಗೋಡೌನ್ ವಿಚ್ ಆರ್ ವಿತ್ ದಿ ರೈಟರ್’ ಎಂಬ ಸಾಲನ್ನು ನೋಡಿ. ‘ವಿಚ್’ಗೆ ಅಂಟಿಕೊಂಡಿರುವುದು ಗೋಡೌನ್. ಆದರೆ ಮುಂದಿನ ಕ್ರಿಯಾಪದ ‘ಆರ್’, ಬಹುವಚನ. ಗೋಡೌನ್ ಒಂದೇ, ಬೀಗದ ಕೈಗಳು ಹಲವು. ಹಾಗಾಗಿ ರೈಟರ್, ಅಂದರೆ ತೋಟದ ಗುಮಾಸ್ತರ, ಹತ್ತಿರ ಇರುವುದು ಬೀಗದ ಕೈಗಳು. ಅದೇ ಜಾಗದಲ್ಲಿ ‘ವಿಚ್ ಈಸ್ ನಿಯರ್ ದಿ ರೋಡ್’ ಎಂದಿದ್ದರೆ ರಸ್ತೆಯ ಹತ್ತಿರ ಇರುವುದು ಗೋಡೌನ್.

ನಂತರ ಒಂದು ಪರೀಕ್ಷೆ ಮಾಡಿ. ಇದನ್ನು ಬಿಟ್ಟು ನಾನು ಯಾವ ಪತ್ರವನ್ನೂ ಮುಂದಕ್ಕೆ ಕಳುಹಿಸುವುದಿಲ್ಲ. ‘ವಿಚ್’ ಅನ್ನು ಅಳಿಸಿ, ನೀವು ಊಹಿಸಿದ ನಾಮಪದವನ್ನು ಅಲ್ಲಿಟ್ಟು ಆ ತುಂಡನ್ನು ಪ್ರತ್ಯೇಕ ವಾಕ್ಯವಾಗಿ ಓದಿ. ಅರ್ಥ ಕೂಡಿದರೆ ಊಹೆ ಸರಿ. ನಮ್ಮ ಗಿರಿಯ ಪ್ರಸಿದ್ಧ ಐತಿಹ್ಯವನ್ನೇ ತೆಗೆದುಕೊಳ್ಳೋಣ. ‘ಬಾಬಾ ಬುಡನ್ ಬ್ರಾಟ್ ಸೆವೆನ್ ಬೀನ್ಸ್ ಫ್ರಮ್ ಯೆಮೆನ್, ವಿಚ್ ಹೀ ಪ್ಲಾಂಟೆಡ್ ಇನ್ ದಿ ಹಿಲ್ಸ್ ದಟ್ ನೌ ಬೇರ್ ಹಿಸ್ ನೇಮ್.’ ‘ವಿಚ್’ ಪಕ್ಕದಲ್ಲೇ ಯೆಮೆನ್ ಇದೆ. ‘ಅವರು ಯೆಮೆನ್ ದೇಶವನ್ನು ನೆಟ್ಟರು’ ಎಂದು ಓದಿ ನೋಡಿ, ನಿಲ್ಲುವುದಿಲ್ಲ. ‘ಏಳು ಬೀಜಗಳನ್ನು ನೆಟ್ಟರು’ ನಿಲ್ಲುತ್ತದೆ. ಇನ್ನು ‘ದಟ್’ ಎಂದರೆ ಗಿರಿಗಳು. ‘ಬೇರ್’ ಎಂಬ ಬಹುವಚನ ಕ್ರಿಯಾಪದವೂ ಅದಕ್ಕೆ ಒಪ್ಪುತ್ತದೆ.

ಇದೇ ಪರೀಕ್ಷೆ ಸರ್ವನಾಮವೇ ಅಲ್ಲದ ‘ದಟ್’ ಅನ್ನೂ ತೋರಿಸಿಕೊಡುತ್ತದೆ. ‘ದಿ ಫ್ಯಾಕ್ಟ್ ದಟ್ ದಿ ಟ್ಯಾಕ್ಸ್ ವಾಸ್ ಪೇಯ್ಡ್’ ಎಂಬಲ್ಲಿ ‘ದಟ್’ ಆಚೆಗಿನ ಮಾತು ತಾನೇ ಪೂರ್ಣ. ನಾಮಪದ ಸೇರಿಸಲು ಜಾಗವಿಲ್ಲ. ಅದು ‘ಎಂಬ’ ಎಂದಷ್ಟೇ ಹೇಳುತ್ತಿದೆ, ಎಡಕ್ಕೆ ಹುಡುಕಬೇಡಿ. ‘ದಿ ಲೆಟರ್ ಐ ರೋಟ್’ ಎಂಬಲ್ಲಿ ಸರ್ವನಾಮ ಮರೆಯಾಗಿದೆ, ನೀವೇ ಸೇರಿಸಿಕೊಂಡು ಓದಿ. ‘ಹೂಸ್’ ಮನುಷ್ಯರಿಗಷ್ಟೇ ಎಂದು ಹಲವರು ತಿಳಿದಿದ್ದಾರೆ. ತೋಟಕ್ಕೂ ಹಳ್ಳಕ್ಕೂ ಅದು ಸಲ್ಲುತ್ತದೆ.

ಕೆಲವೊಮ್ಮೆ ‘ವಿಚ್’ ಯಾವ ನಾಮಪದವನ್ನೂ ಹಿಡಿಯದೆ ಹಿಂದಿನ ಇಡೀ ಸಂಗತಿಯನ್ನು ಹಿಡಿಯುತ್ತದೆ. ‘ಇಟ್ ರೇನ್ಡ್ ಇನ್ ಜನವರಿ, ವಿಚ್ ಸ್ಪಾಯ್ಲ್ಡ್ ದಿ ಕಾಫಿ ಆನ್ ದಿ ಯಾರ್ಡ್.’ ಕಣದಲ್ಲಿ ಹರವಿದ ಕಾಫಿ ಕೆಡಿಸಿದ್ದು ಜನವರಿ ತಿಂಗಳಲ್ಲ, ಆ ತಿಂಗಳಲ್ಲಿ ಮಳೆ ಬಂದದ್ದು. ಇಂಥ ‘ವಿಚ್’ಗೆ ಮೊದಲು ಸಾಮಾನ್ಯವಾಗಿ ಅಲ್ಪವಿರಾಮ ಇರುತ್ತದೆ.

ಅಲ್ಪವಿರಾಮದ ಮೇಲೆ ಕಣ್ಣಿಡಿ ಎಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಅಲ್ಲಿ ಜನರ ಪಾಲು ಅಡಗಿರುತ್ತದೆ. ‘ದಿ ವರ್ಕರ್ಸ್ ಹೂ ಲಿವ್ ಇನ್ ದಿ ಲೈನ್ಸ್ ವಿಲ್ ಗೆಟ್ ಬ್ಲ್ಯಾಂಕೆಟ್ಸ್’ ಎಂದರೆ ತೋಟದ ಸಾಲುಮನೆಗಳಾದ ಲೈನ್ ಮನೆಗಳಲ್ಲಿ ಇರುವ ಆಳುಗಳಿಗೆ ಮಾತ್ರ ಕಂಬಳಿ. ಹಳ್ಳಿಯಿಂದ ನಡೆದು ಬರುವವರಿಗೆ ಈ ಸಾಲಿನಲ್ಲಿ ಪಾಲಿಲ್ಲ. ‘ಹೂ’ಗೆ ಮೊದಲೂ ‘ಲೈನ್ಸ್’ ಆದ ಮೇಲೂ ಅಲ್ಪವಿರಾಮ ಬಿದ್ದರೆ ಆಳುಗಳಿಗೆಲ್ಲ ಕಂಬಳಿ, ಅವರೆಲ್ಲರೂ ಲೈನ್ ಮನೆಗಳಲ್ಲೇ ಇದ್ದಾರೆ ಎಂದಾಗುತ್ತದೆ. ಎರಡನ್ನೂ ‘ಲೈನ್ ಮನೆಗಳಲ್ಲಿರುವ ಆಳುಗಳಿಗೆ’ ಎಂದೇ ಕನ್ನಡಕ್ಕೆ ತಂದರೆ ಈ ವ್ಯತ್ಯಾಸ ಕಳೆದುಹೋಗುತ್ತದೆ. ‘ಮಾತ್ರ’ ಅಥವಾ ‘ಎಲ್ಲ’ ಎಂಬ ಪದವನ್ನು ನಾವು ಮನಸ್ಸಿಟ್ಟು ಸೇರಿಸಲೇಬೇಕು.

ವ್ಯಾಕರಣ ಕೈಬಿಡುವ ಸಂದರ್ಭವೂ ಇದೆ. ‘ದಿ ಬಂಗಲೋ ಆನ್ ದಿ ಲ್ಯಾಂಡ್ ವಿಚ್ ವಾಸ್ ಸೋಲ್ಡ್ ಇನ್ 1998.’ 1998ರಲ್ಲಿ ಮಾರಿದ್ದು ಬಂಗಲೆಯನ್ನೋ ಜಮೀನನ್ನೋ? ಎರಡೂ ಏಕವಚನ, ಎರಡೂ ವಸ್ತು, ಎರಡನ್ನೂ ಮಾರಬಹುದು. ನಾಮಪದ ಇಟ್ಟು ಓದಿದರೂ ಎರಡೂ ನಿಲ್ಲುತ್ತವೆ. ಇಂಥಲ್ಲಿ ಧೈರ್ಯವಾಗಿ ಊಹಿಸಬೇಡಿ. ಪತ್ರದಲ್ಲಿ ಆಸ್ತಿಯನ್ನು ವಿವರಿಸುವ ಷೆಡ್ಯೂಲಿನ ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ), ವಿಸ್ತೀರ್ಣ, ಹಿಂದಿನ ಪತ್ರದ ನಕಲು ನೋಡಿ ನಿರ್ಧರಿಸಿ. ಹಳೆಯ ಪತ್ರ ಬರೆದವರು ಇದನ್ನು ಬಲ್ಲವರು. ಬರಿಯ ‘ವಿಚ್’ ಸಾಲದೆಂದು ‘ವಿಚ್ ಸೆಡ್ ಬಂಗಲೋ’ (ಸದರಿ ಬಂಗಲೆ) ಎಂದು ನಾಮಪದವನ್ನೇ ಮತ್ತೆ ಬರೆಯುತ್ತಿದ್ದರು. ಓದಲು ಭಾರ, ಆದರೆ ಅನುಮಾನವಿಲ್ಲ. ಆ ಜಾಗ್ರತೆಯನ್ನು ನಾನು ಗೌರವಿಸುತ್ತೇನೆ.

ನೀವೇ ಬರೆಯುವಾಗ ಇಂಥ ಸಾಲು ಬಂದರೆ ಎರಡಾಗಿ ಒಡೆಯಿರಿ. ಬಂಗಲೆಯ ಮಾತು ಒಂದು ವಾಕ್ಯ, ಜಮೀನು ಮಾರಿದ ಮಾತು ಇನ್ನೊಂದು. ಬೇರೆಯವರು ಬರೆದ ಕರಡು ನಿಮ್ಮ ಕೈಗೆ ಬಂದರೆ ಪ್ರತಿ ‘ವಿಚ್’ನಿಂದಲೂ ಅದರ ನಾಮಪದಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಗೆರೆ ಎರಡು ಕಡೆ ಹೋಗುವಂತಿದ್ದರೆ ಸಹಿ ಹಾಕುವ ಮುನ್ನವೇ ಬರೆದವರನ್ನು ಕೇಳಿ ತಿದ್ದಿಸಿ. ನೋಂದಣಿಯಾದ ಮೇಲೆ ಅದೇ ಒಂದು ಸಾಲಿಗೆ ಎರಡೂ ಕಡೆಯವರು ಕೂಡಿ ತಿದ್ದುಪಡಿ ಪತ್ರ ಮಾಡಿಸಬೇಕಾಗುತ್ತದೆ.