ಸರ್ಚ್ ಸರ್ವರ್‌ಗೆ ಇಂಡೆಕ್ಸ್ ನಕಲು ಮಾಡುವುದನ್ನು ಕಲಿಸುವುದು ಹೇಗೆ?

ನಿಮ್ಮ ಸೈಟಿನ ಹುಡುಕಾಟಕ್ಕೆ ಒಂದು ಸರ್ವರ್ ಸಾಲದಾಯಿತು, ಇನ್ನೆರಡು ತಂದಿರಿ ಅಂದುಕೊಳ್ಳಿ. ಅದೇ ಲೇಖನಗಳನ್ನು ಮೂರೂ ಕಡೆ ಇಂಡೆಕ್ಸ್ (ಯಾವ ಪದ ಯಾವ ಲೇಖನದಲ್ಲಿದೆ ಎಂಬ ಪಟ್ಟಿ) ಮಾಡಿದರೆ ಪದ ಒಡೆಯುವುದು, ವಿಂಗಡಿಸುವುದು, ಬರೆಯುವುದು ಎಲ್ಲ ಮೂರು ಸಲ ಆಗುತ್ತದೆ. ಅದರ ಬದಲು ಒಂದೇ ಕಡೆ ಇಂಡೆಕ್ಸ್ ಮಾಡಿ, ಸಿದ್ಧವಾದ ಫೈಲುಗಳನ್ನು ಉಳಿದವಕ್ಕೆ ಸಾಗಿಸಬಹುದು. ಅಪಾಚೆ ಸೋಲರ್ ಎಂಬ ಮುಕ್ತ ತಂತ್ರಾಂಶದ ಸರ್ಚ್ ಸರ್ವರ್ ಹಿಡಿದದ್ದು ಇದೇ ದಾರಿ. ಮೊದಲು ಈ ಕೆಲಸಕ್ಕೆ ಯುನಿಕ್ಸ್‌ನ ಸಲಕರಣೆಗಳಾದ ಶೆಲ್ ಸ್ಕ್ರಿಪ್ಟ್, ಆರ್‌ಸಿಂಕ್, ಹಾರ್ಡ್ ಲಿಂಕ್, ಕ್ರಾನ್ ಎಲ್ಲ ಬೇಕಿತ್ತು. ವಿಂಡೋಸ್‌ನಲ್ಲಿ ಇದನ್ನು ನಡೆಸುವುದಂತೂ ದೊಡ್ಡ ತಲೆನೋವು. 2009ರಲ್ಲಿ ಬಂದ 1.4 ಆವೃತ್ತಿ ಇದನ್ನೆಲ್ಲ ಸರ್ವರ್ ಒಳಗೇ ತಂದಿತು. ಎಚ್‌ಟಿಟಿಪಿ ಇದ್ದರೆ ಸಾಕು.

ಸೋಲರ್‌ನ ಅಡಿಯಲ್ಲಿರುವುದು ಲುಸೀನ್ ಎಂಬ ಹುಡುಕಾಟದ ಲೈಬ್ರರಿ. ಅದರ ಒಂದು ಗುಣದಿಂದಾಗಿ ನಮ್ಮ ಕೆಲಸ ಅರ್ಧ ಹಗುರವಾಗುತ್ತದೆ. ಲುಸೀನ್ ಇಂಡೆಕ್ಸನ್ನು ಸೆಗ್ಮೆಂಟ್ ಎಂಬ ತುಂಡುಗಳಾಗಿ ಬರೆಯುತ್ತದೆ. ಒಮ್ಮೆ ಬರೆದ ಫೈಲನ್ನು ಮತ್ತೆ ತಿದ್ದುವುದೇ ಇಲ್ಲ. ಒಂದು ದಾಖಲೆ ಅಳಿಸಿದರೂ ಹಳೆಯ ಫೈಲನ್ನು ಮುಟ್ಟದೆ, ‘ಇದು ಈಗ ಇಲ್ಲ’ ಎಂದು ಬೇರೊಂದು ಪುಟ್ಟ ಫೈಲಿನಲ್ಲಿ ಗುರುತು ಹಾಕುತ್ತದೆ. ಹಾಗಾಗಿ ಏನು ಬದಲಾಯಿತು ಎಂದು ಒಳಹೊಕ್ಕು ಹುಡುಕಬೇಕಿಲ್ಲ. ಯಾವ ಫೈಲು ಹೊಸದು ಎಂದು ತಿಳಿದರೆ ಆಯಿತು.

ಲೀಡರ್ ಏನು ಹೇಳಬೇಕು

ಇಂಡೆಕ್ಸ್ ಬರೆಯುವ ಸರ್ವರ್ ಲೀಡರ್, ನಕಲು ಪಡೆಯುವವು ಫಾಲೋವರ್. ಲೀಡರ್ ಮೂರು ಪ್ರಶ್ನೆಗಳಿಗೆ ಉತ್ತರಿಸುವಂತಿರಬೇಕು: ಈಗಿನ ಇಂಡೆಕ್ಸ್ ಆವೃತ್ತಿ ಯಾವುದು, ಅದರಲ್ಲಿ ಯಾವ ಯಾವ ಫೈಲುಗಳಿವೆ, ಈ ಫೈಲಿನ ಬೈಟುಗಳನ್ನು ಕೊಡು. ಯಾವಾಗ ಹೊಸ ಆವೃತ್ತಿ ಘೋಷಿಸಬೇಕು ಎಂಬುದೂ ನಿಮ್ಮ ಆಯ್ಕೆ. ಕಮಿಟ್ ಆದಾಗ (ಬದಲಾವಣೆಗಳನ್ನು ಡಿಸ್ಕಿಗೆ ಬರೆದು ಖಾಯಂ ಮಾಡಿದಾಗ), ಆಪ್ಟಿಮೈಜ್ ಆದಾಗ (ಎಲ್ಲ ಸೆಗ್ಮೆಂಟ್ ಒಂದಾಗಿಸಿದಾಗ), ಸರ್ವರ್ ಶುರುವಾದಾಗ, ಹೀಗೆ ಸೆಟ್ ಮಾಡಬಹುದು.

ಇಲ್ಲಿ ಹೊಸಬರು ಮರೆಯುವ ವಿಷಯ ಒಂದಿದೆ. ಫಾಲೋವರ್ ಇಳಿಸಿಕೊಳ್ಳುತ್ತಿರುವಾಗಲೇ ಲೀಡರ್ ಸೆಗ್ಮೆಂಟ್‌ಗಳನ್ನು ವಿಲೀನ ಮಾಡಿ ಹಳೆಯ ಫೈಲುಗಳನ್ನು ಅಳಿಸಿಬಿಡಬಹುದು. ಅದಕ್ಕೇ ಸೋಲರ್ ಆ ಕಮಿಟ್ ಅನ್ನು ಸ್ವಲ್ಪ ಹೊತ್ತು ಕಾಯ್ದಿರಿಸುತ್ತದೆ. ಸುಮ್ನೆ ಬಿಟ್ಟರೆ ಅವಧಿ 10 ಸೆಕೆಂಡು. ಫೈಲು ಕಳಿಸುತ್ತಿರುವಷ್ಟು ಹೊತ್ತು ಅದು ಮುಂದಕ್ಕೆ ಹೋಗುತ್ತಿರುತ್ತದೆ. ನೆಟ್‌ವರ್ಕ್ ನಿಧಾನವಾಗಿದ್ದರೆ ಇದನ್ನು ಹೆಚ್ಚಿಸಿಕೊಳ್ಳಿ.

ಫಾಲೋವರ್ ಏನು ಮಾಡಬೇಕು

ಇಷ್ಟು ಸೆಕೆಂಡಿಗೊಮ್ಮೆ ಲೀಡರ್ ಬಳಿ ಆವೃತ್ತಿ ಕೇಳುವುದು. ಒಂದೇ ಆಗಿದ್ದರೆ ಕೆಲಸ ಅಲ್ಲಿಗೇ ಮುಗಿಯಿತು. ಬೇರೆಯಾಗಿದ್ದರೆ ಫೈಲುಗಳ ಪಟ್ಟಿ ತರಿಸಿ, ಹೆಸರು, ಗಾತ್ರ, ಒಳಗಿನ ಬೈಟುಗಳಿಂದ ಲೆಕ್ಕ ಹಾಕಿದ ಚೆಕ್‌ಸಮ್ ಮೂರನ್ನೂ ತಾಳೆ ನೋಡುವುದು. ತನ್ನಲ್ಲಿ ಇಲ್ಲದ್ದನ್ನು ಮಾತ್ರ ಬೇರೊಂದು ಫೋಲ್ಡರಿಗೆ ಇಳಿಸುವುದು.

ಆಮೇಲೆ ಅವುಗಳನ್ನು ನಿಜವಾದ ಇಂಡೆಕ್ಸ್ ಫೋಲ್ಡರಿಗೆ ಸರಿಸಬೇಕು. ಇದರಲ್ಲಿ ಒಂದು ಕ್ರಮವಿದೆ. ‘ಸೆಗ್ಮೆಂಟ್ಸ್’ ಎಂಬ ಹೆಸರಿನಿಂದ ಶುರುವಾಗಿ ಕೊನೆಗೆ ಸಂಖ್ಯೆ ಹೊತ್ತ ಫೈಲು ಎಲ್ಲಕ್ಕಿಂತ ಕೊನೆಗೆ ಹೋಗಬೇಕು. ಅದು ಇಡೀ ಇಂಡೆಕ್ಸಿನ ಪರಿವಿಡಿ. ಪುಟಗಳು ಬರುವ ಮೊದಲೇ ಪರಿವಿಡಿ ಬಂದುಬಿಟ್ಟರೆ, ನಡುವೆ ಕರೆಂಟ್ ಹೋದಾಗ ಸರ್ವರ್ ಇಲ್ಲದ ಫೈಲನ್ನು ಹುಡುಕುತ್ತಾ ಕೂರುತ್ತದೆ. ಎಲ್ಲ ಸೇರಿದ ಮೇಲೆ ಹೊಸ ಸರ್ಚರ್ (ಇಂಡೆಕ್ಸನ್ನು ಓದಿ ಉತ್ತರ ಹುಡುಕುವ ಭಾಗ) ತೆರೆದು, ಅದರ ಕ್ಯಾಶ್ ಬೆಚ್ಚಗಾದ (ಪದೇ ಪದೇ ಬೇಕಾಗುವ ಉತ್ತರಗಳು ಮೆಮೊರಿಗೆ ಬಂದ) ನಂತರ ಪ್ರಶ್ನೆಗಳನ್ನು ಅದಕ್ಕೆ ತಿರುಗಿಸಿ. ಆಗಲೇ ನಡೆಯುತ್ತಿರುವ ಹುಡುಕಾಟಗಳು ಹಳೆಯ ಸರ್ಚರ್‌ನಲ್ಲೇ ಮುಗಿಯಲಿ.

ಕಾನ್ಫಿಗ್ ಫೈಲುಗಳ ಕಿರಿಕಿರಿ

ಕನ್ನಡದ ಹುಡುಕಾಟ ನಡೆಸುವವರು ಇಲ್ಲಿ ಸ್ವಲ್ಪ ಜಾಸ್ತಿ ಗಮನ ಕೊಡಬೇಕು. ‘ರಾಜ್‌ಕುಮಾರ್’ ಎಂದು ಬರೆದಾಗ ಜ್ ಮತ್ತು ಕು ನಡುವೆ ಕಣ್ಣಿಗೆ ಕಾಣದ ಅಕ್ಷರವೊಂದಿರುತ್ತದೆ, ಒತ್ತಕ್ಷರ ಆಗದಂತೆ ತಡೆಯಲು. ಅದನ್ನು ತೆಗೆದುಹಾಕುವ ಫಿಲ್ಟರನ್ನು ಲೀಡರ್‌ನ ಸ್ಕೀಮಾಗೆ (ಪದಗಳನ್ನು ಹೇಗೆ ಒಡೆದು ಸಂಸ್ಕರಿಸಬೇಕು ಎಂದು ಹೇಳುವ ಕಾನ್ಫಿಗ್ ಫೈಲಿಗೆ) ಸೇರಿಸಿ ಎಲ್ಲವನ್ನೂ ಮತ್ತೆ ಇಂಡೆಕ್ಸ್ ಮಾಡಿದಿರಿ ಅನ್ನಿ. ಫಾಲೋವರ್‌ನಲ್ಲಿ ಇನ್ನೂ ಹಳೆಯ ಸ್ಕೀಮಾ ಇದೆ. ಓದುಗರು ಹುಡುಕಿದ ಪದದಲ್ಲಿ ಆ ಅಕ್ಷರ ಹಾಗೇ ಉಳಿಯುತ್ತದೆ, ಇಂಡೆಕ್ಸಿನಲ್ಲಿ ಅದು ಇಲ್ಲ. ಫಲಿತಾಂಶ ಸೊನ್ನೆ! ಲಾಗ್‌ನಲ್ಲಿ ಒಂದು ಎರರ್ ಕೂಡ ಕಾಣುವುದಿಲ್ಲ.

ಆದ್ದರಿಂದ ಸ್ಕೀಮಾ, ಸಮಾನಾರ್ಥಕ ಪದಗಳ ಫೈಲು, ಹುಡುಕಾಟದಲ್ಲಿ ಬಿಟ್ಟುಬಿಡುವ ಪದಗಳ ಸ್ಟಾಪ್‌ವರ್ಡ್ ಪಟ್ಟಿ ಎಲ್ಲವನ್ನೂ ಇಂಡೆಕ್ಸ್ ಜೊತೆಗೇ ಸಾಗಿಸಬೇಕು. ಸೋಲರ್‌ನಲ್ಲಿ ಅವುಗಳ ಹೆಸರು ಪಟ್ಟಿ ಮಾಡಿ ಕೊಡಬಹುದು. ಆದರೆ ಅವು ಹೊರಡುವುದು ಇಂಡೆಕ್ಸ್ ಬದಲಾದಾಗ ಮಾತ್ರ. ಬರೀ ಸ್ಕೀಮಾ ತಿದ್ದಿ ಕಾಯುತ್ತಾ ಕುಳಿತರೆ ಏನೂ ಆಗುವುದಿಲ್ಲ. ಅವು ತಲುಪಿದ ಮೇಲೆ ಹೊಸ ಸರ್ಚರ್ ಸಾಲದು, ಇಡೀ ಕೋರ್ (ಒಂದು ಇಂಡೆಕ್ಸ್ ಮತ್ತು ಅದರ ಕಾನ್ಫಿಗ್ ಸೇರಿದ ಘಟಕ) ರೀಲೋಡ್ ಆಗಬೇಕು.

ಮಾಡಬಾರದ್ದು

ದಿನಾ ಆಪ್ಟಿಮೈಜ್ ಮಾಡುವ ಚಟ ಬಿಡಿ. ಅದು ಎಲ್ಲ ಸೆಗ್ಮೆಂಟ್‌ಗಳನ್ನೂ ಕರಗಿಸಿ ಒಂದೇ ಹೊಸ ಸೆಗ್ಮೆಂಟ್ ಬರೆಯುತ್ತದೆ. 20 ಜಿಬಿ ಇಂಡೆಕ್ಸಿಗೆ ಹತ್ತು ಲೇಖನ ಸೇರಿಸಿದ್ದರೂ ಹೆಚ್ಚುಕಡಿಮೆ 20 ಜಿಬಿಯೂ ಪ್ರತಿ ಫಾಲೋವರ್‌ಗೆ ಹೋಗಬೇಕಾಗುತ್ತದೆ. ಫಾಲೋವರ್‌ಗೆ ನೇರವಾಗಿ ಬರೆಯುವುದೂ ಬೇಡ. ಹಾಗೆ ಮಾಡಿದರೆ ಎರಡೂ ಇಂಡೆಕ್ಸ್‌ಗಳ ದಾರಿ ಬೇರೆಯಾಗಿ, ಮುಂದಿನ ಸಲ ಮೊದಲಿನಿಂದ ಪೂರ್ತಿ ನಕಲು ಮಾಡಬೇಕಾಗುತ್ತದೆ.

ಸುದ್ದಿ ಹಾಕಿದ ಸೆಕೆಂಡಿನಲ್ಲೇ ಎಲ್ಲ ಸರ್ವರ್‌ನಲ್ಲೂ ಸಿಗಬೇಕು ಅನ್ನುವವರಿಗೆ ಈ ವಿಧಾನ ಹೊಂದುವುದಿಲ್ಲ. ಅಂಥವರು ದಾಖಲೆಯನ್ನೇ ಪ್ರತಿ ನಕಲಿಗೂ ಕಳಿಸುವ ಸೋಲರ್‌ಕ್ಲೌಡ್ ನೋಡಲಿ. ಆದರೂ ಸೋಲರ್ 7ರಲ್ಲಿ ಬಂದ ‘ಪುಲ್’ ಎಂಬ ಬಗೆಯ ರೆಪ್ಲಿಕಾ (ನಕಲು) ಮತ್ತೆ ಈ ಫೈಲು ಎಳೆಯುವ ದಾರಿಗೇ ಮರಳಿತು. ಓದುವ ಹೊರೆಯೇ ಜಾಸ್ತಿ ಇರುವಲ್ಲಿ ಇದು ಅಷ್ಟು ಅಗ್ಗ.

ಕೊನೆಗೆ ಪರೀಕ್ಷೆ. ಒಂದು ದಾಖಲೆ ಸೇರಿಸಿ, ಕಮಿಟ್ ಮಾಡಿ, ಎರಡೂ ಕಡೆ ಆವೃತ್ತಿ ಸಂಖ್ಯೆ ಒಂದೇ ಆಯಿತಾ ನೋಡಿ. ಇಷ್ಟು ಎಲ್ಲರೂ ಮಾಡುತ್ತಾರೆ. ದೊಡ್ಡ ಡೌನ್‌ಲೋಡ್ ನಡೆಯುತ್ತಿರುವಾಗ ಫಾಲೋವರ್ ಪ್ರಕ್ರಿಯೆಯನ್ನು ಕಿಲ್ ಮಾಡಿಯೂ ನೋಡಿ. ಅದು ಹಳೆಯ ಇಂಡೆಕ್ಸ್ ಜೊತೆ ತಕರಾರಿಲ್ಲದೆ ಎದ್ದು, ಮುಂದಿನ ಸರದಿಯಲ್ಲಿ ಉಳಿದದ್ದನ್ನು ತರಿಸಿಕೊಂಡರೆ ಆ ಸರ್ವರಿಗೆ ಓದುಗರನ್ನು ಬಿಡಬಹುದು.