ವೀಡ್ ಕಟರ್ ವೇಗ ಹಿಡಿಯದಿದ್ದಾಗ

ಅಡಿಕೆ ತೋಟದ ಕಳೆ ಹೊಡೆಯುವ ಟೂ-ಸ್ಟ್ರೋಕ್ ವೀಡ್ ಕಟರ್ ಸಲೀಸಾಗಿ ಸ್ಟಾರ್ಟ್ ಆಗುತ್ತಿತ್ತು. ಆದರೆ ಆಕ್ಸಿಲರೇಟರ್ ಒತ್ತಿದರೆ ಗೊರಗುಟ್ಟುತ್ತಿತ್ತೇ ಹೊರತು ವೇಗ ಹಿಡಿಯುತ್ತಿರಲಿಲ್ಲ. ಹುಲ್ಲಿಗೆ ತಾಗಿಸಿದರೆ ಬಂದ್. ಇಂಥ ಹೊತ್ತಿನಲ್ಲಿ ಎಲ್ಲರ ಕೈಯೂ ಮೊದಲು ಹೋಗುವುದು ಕಾರ್ಬ್ಯುರೇಟರ್ ಸ್ಕ್ರೂಗೆ. ಅದನ್ನು ತಿರುಗಿಸಿ ಇದ್ದ ಟ್ಯೂನಿಂಗನ್ನೂ ಕೆಡಿಸಿಕೊಂಡವರು ನಮ್ಮೂರಿನಲ್ಲಿ ಬೇಕಾದಷ್ಟಿದ್ದಾರೆ.

ಏರ್ ಫಿಲ್ಟರ್ ಶುದ್ಧವಿತ್ತು. ಟ್ಯಾಂಕಿನ ಮುಚ್ಚಳ ಸಡಿಲಿಸಿದರೂ (ಅದರ ಗಾಳಿ ತೂತು ಕಟ್ಟಿದರೂ ಎಂಜಿನ್ ಸೊರಗುತ್ತದೆ) ವ್ಯತ್ಯಾಸವಾಗಲಿಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿದಾಗ ಸುಳಿವು ಸಿಕ್ಕಿತು: ತುದಿ ಕಪ್ಪಗೆ, ಜಿಡ್ಡುಜಿಡ್ಡಾಗಿತ್ತು. ಸೈಲೆನ್ಸರ್ ಬಾಯಿಯಲ್ಲಿ ಕಿಡಿ ಹಾರದಂತೆ ತಡೆಯುವ ಪುಟ್ಟ ಜಾಲರಿಯಿದೆ. ಅದನ್ನು ತೆಗೆದು ಬೆಳಕಿಗೆ ಹಿಡಿದರೆ ಒಂದು ತೂತೂ ಕಾಣಲಿಲ್ಲ, ಪೂರ್ತಿ ಮಸಿ. ಹೊಗೆಗೆ ದಾರಿಯೇ ಇರಲಿಲ್ಲ.

ಜಾಲರಿಯನ್ನು ಇಕ್ಕಳದಲ್ಲಿ ಹಿಡಿದು ಕೆಂಡದಲ್ಲಿ ಕಾಯಿಸಿ, ತಣಿದ ಮೇಲೆ ತಂತಿ ಬ್ರಷ್‌ನಿಂದ ಉಜ್ಜಿದೆ. ಸೈಲೆನ್ಸರ್ ಬಿಚ್ಚಿ, ಸ್ಟಾರ್ಟರ್ ಹಗ್ಗವನ್ನು ನಿಧಾನವಾಗಿ ಎಳೆದು, ಪಿಸ್ಟನ್ ಹೊಗೆದಾರಿಯನ್ನು ಮುಚ್ಚುವಂತೆ ನಿಲ್ಲಿಸಿದೆ. ಇಲ್ಲದಿದ್ದರೆ ಮಸಿಯೆಲ್ಲ ಸಿಲಿಂಡರಿನೊಳಗೆ ಉದುರುತ್ತದೆ. ನಂತರ ಮರದ ಕಡ್ಡಿಯಿಂದ ಕೆರೆದೆ. ಸ್ಕ್ರೂಡ್ರೈವರ್ ಬೇಡವೇ ಬೇಡ, ಪಿಸ್ಟನ್‌ಗೆ ಗೀರು ಬಿದ್ದರೆ ಖರ್ಚು ಬೇರೆಯೇ.

ಎಲ್ಲಕ್ಕೂ ಮೂಲ ಪೆಟ್ರೋಲಿಗೆ ಬೆರೆಸುವ ಎಣ್ಣೆ. ಅದು ಹೆಚ್ಚಾದರೆ ಪೂರ್ತಿ ಉರಿಯದೆ ಮಸಿ ಕಟ್ಟುತ್ತದೆ. "ಆಯಿಲ್ ಜಾಸ್ತಿ ಇದ್ದರೆ ಎಂಜಿನ್ನಿಗೆ ಒಳ್ಳೆಯದು ಮಾರಾಯರೇ" ಎಂದು ಕೆಲಸದವನು ಅಂದಾಜಿನಲ್ಲಿ ಸುರಿಯುತ್ತಿದ್ದ. ನನ್ನ ಯಂತ್ರದ ಕೈಪಿಡಿ ಹೇಳುವುದು 50:1, ಅಂದರೆ ಲೀಟರ್ ಪೆಟ್ರೋಲಿಗೆ 20 ಮಿಲಿ. ಕೆಲವು ಯಂತ್ರಗಳಿಗೆ 25:1, ಅಂದರೆ 40 ಮಿಲಿ ಬೇಕು, ನಿಮ್ಮದನ್ನು ನೋಡಿಕೊಳ್ಳಿ. ಈಗ ಪೆಟ್ರೋಲ್ ಕ್ಯಾನಿಗೆ ಅಳತೆಯ ಮುಚ್ಚಳವೊಂದನ್ನು ದಾರದಲ್ಲಿ ಕಟ್ಟಿಟ್ಟಿದ್ದೇನೆ.