ಮೊದಲು ಪಬ್ಬು, ಆಮೇಲೆ ಹಳೇ ಬಾರು: ಬೆಂಗಳೂರಿನ ಒಂದು ರಾತ್ರಿಗೆ ಮೂರು ಬಾರು ಆರಿಸಿದ ನನ್ನ ಅನುಭವ

ಶನಿವಾರ ಸಂಜೆ ನಾಲ್ಕು ಜನ ಹೊರಟರೆ ಮೊದಲು ಹಳೇ ಬಾರಿನಲ್ಲಿ ಕೂತು ಕಡಿಮೆ ದುಡ್ಡಿಗೆ ಎರಡೆರಡು ಲಾರ್ಜ್ (60 ಎಂಎಲ್ ಪೆಗ್ಗು) ಮುಗಿಸಬೇಕು, ಆಮೇಲೆ ಪಬ್ಬಿಗೆ ಹೋಗಬೇಕು. ಬೆಂಗಳೂರಲ್ಲಿ ಇದು ಎಲ್ಲರಿಗೂ ಬಾಯಿಪಾಠ. ನಾನು ಇದನ್ನು ತಿರುಗಿಸಿ ಹಾಕಿದೆ: ಐದೂವರೆಗೆ ತಾನೇ ಬಿಯರ್ ತಯಾರಿಸುವ ಪಬ್ಬು, ಎಂಟಕ್ಕೆ ಹಳೇ ಬಾರು, ಕೊನೆಗೆ ಮೆಟ್ರೋ ನಿಲ್ದಾಣಕ್ಕೆ ಹತ್ತಿರದ ಮೂರನೆಯದು. "ದುಡ್ಡು ಇರೋವಾಗಲೇ ದುಬಾರಿ ಜಾಗಕ್ಕೆ ಹೋದ್ರೆ ರಾತ್ರಿ ಒಂಬತ್ತಕ್ಕೆ ಎಲ್ಲರ ಜೇಬು ಖಾಲಿ" ಅಂತ ಜೊತೆಯವರು ತಕರಾರು ತೆಗೆದರು. ಹತ್ತು ಹನ್ನೆರಡು ಶನಿವಾರ ಆದ ಮೇಲೆ ತಕರಾರು ನಿಂತಿದೆ. ಹಳೇ ಕ್ರಮದಲ್ಲಿ ನಾಲ್ವರಿಗೆ ಒಟ್ಟು ಒಂಬತ್ತು ಸಾವಿರದ ಆಸುಪಾಸು ಆಗುತ್ತಿತ್ತು. ಈಗ ಆರೂವರೆ ಸಾವಿರ, ತುಂಬಾ ಆದರೆ ಏಳು.

ವ್ಯತ್ಯಾಸದ ದುಡ್ಡು ಎಲ್ಲಿ ಹೋಗುತ್ತಿತ್ತು ಅನ್ನೋದು ಬಿಲ್ಲುಗಳನ್ನು ಜೋಡಿಸಿ ನೋಡಿದಾಗ ಗೊತ್ತಾಯಿತು. ಪೆಗ್ಗಿನ ರೇಟಲ್ಲಿ ಅಲ್ಲ. ಒಂದು, ಎಂಟೂವರೆ ಮೇಲೆ ಗಂಡಸರದ್ದೇ ಗುಂಪು ಬಾಗಿಲಿಗೆ ಹೋದರೆ ಸ್ಟ್ಯಾಗ್ ಅಂತ ಕವರ್ ಚಾರ್ಜ್, ಅಂದರೆ ಒಳಗೆ ಬಿಡುವುದಕ್ಕೇ ದುಡ್ಡು. ತಲೆಗೆ ಸಾವಿರ ಅಂದರೆ ನಾಲ್ಕು ಸಾವಿರ ಕೂರುವ ಮೊದಲೇ ಹೋಯಿತು. ಅದನ್ನು ಬಿಲ್ಲಲ್ಲಿ ಕಳೆಯುತ್ತಾರೆ ನಿಜ, ಆದರೆ ಕಳೆಯುವುದಕ್ಕೋಸ್ಕರವೇ ಬೇಡದ್ದನ್ನೂ ತರಿಸಬೇಕು. ಎರಡು, ಹಳೇ ಬಾರಿನಲ್ಲಿ ಊಟ ಮಾಡದೆ ಬಂದವರು ಪಬ್ಬಿನಲ್ಲಿ ಹಸಿದು, ಐನೂರು ರೂಪಾಯಿಯ ಪ್ಲೇಟುಗಳನ್ನು ಒಂದರ ಮೇಲೊಂದು ಹೇಳುತ್ತಾರೆ. ಮೂರು, ನಡುವೆ ಒಂದು ಕ್ಯಾಬು. ಇನ್ನೊಂದು ನಷ್ಟ ದುಡ್ಡಿನದ್ದಲ್ಲ. ಎರಡು ಲಾರ್ಜ್ ವಿಸ್ಕಿ ಆದ ನಾಲಿಗೆಗೆ ಗೋಧಿ ಬಿಯರೂ ಒಂದೇ, ಬಾಟಲಿ ಬಿಯರೂ ಒಂದೇ. ದುಬಾರಿ ಬಿಯರನ್ನು ರುಚಿ ಸತ್ತ ಮೇಲೆ ಕುಡಿಯುತ್ತಿದ್ದೆವು.

ಹೀಗಾಗಿ ಬಾರು ಆರಿಸುವಾಗ ಸ್ಟಾರ್ ರೇಟಿಂಗ್ ನೋಡುವುದನ್ನು ಬಿಟ್ಟೆ. ಎರಡೇ ನೋಡುವುದು: ಆ ಜಾಗ ಎಷ್ಟು ಗಂಟೆಗೆ ಚೆನ್ನಾಗಿರುತ್ತೆ, ಅಲ್ಲಿಂದ ಮುಂದಕ್ಕೆ ಹೇಗೆ ಹೋಗುವುದು.

ಕೊನೆಯದರಿಂದ ಹಿಂದಕ್ಕೆ ಆರಿಸಬೇಕು. ಮೊದಲು ಮೂರನೇ ಬಾರು ಗಟ್ಟಿ ಮಾಡಿಕೊಳ್ಳಿ, ಅದು ಮನೆಗೆ ಹೋಗುವ ಮೆಟ್ರೋ ನಿಲ್ದಾಣದಿಂದ ಐದು ಆರು ನಿಮಿಷದ ನಡಿಗೆಯಲ್ಲಿ ಇರಬೇಕು. ಎರಡನೆಯದು ಅದಕ್ಕೆ ನಡೆದು ಹೋಗುವಷ್ಟು ಹತ್ತಿರ. ಮೊದಲನೆಯದು ಮಾತ್ರ ದೂರ ಇರಬಹುದು, ಆದರೆ ಅದೇ ಮೆಟ್ರೋ ದಾರಿಯಲ್ಲಿ. ನನಗೆ ಕೂಡಿಬಂದದ್ದು ಇಂದಿರಾನಗರದಿಂದ ಎಂ.ಜಿ. ರಸ್ತೆ. ಹಲಸೂರು, ಟ್ರಿನಿಟಿ ದಾಟಿದರೆ ಎಂ.ಜಿ. ರಸ್ತೆ, ಏಳೆಂಟು ನಿಮಿಷ. ಅದೇ ಹೊತ್ತಲ್ಲಿ ರಸ್ತೆಯಲ್ಲಿ ಹೋದರೆ ಟ್ರಿನಿಟಿ ಸರ್ಕಲ್ ದಾಟುವುದಕ್ಕೇ ಅಷ್ಟು ಬೇಕು. ಎಂ.ಜಿ. ರಸ್ತೆ ನಿಲ್ದಾಣದಿಂದ ಚರ್ಚ್ ಸ್ಟ್ರೀಟ್, ಬ್ರಿಗೇಡ್ ರಸ್ತೆ, ರೆಸ್ಟ್ ಹೌಸ್ ರಸ್ತೆ ಎಲ್ಲವೂ ಕಾಲ್ನಡಿಗೆಯ ಲೆಕ್ಕ.

ಗಾಡಿ ಮನೆಯಲ್ಲೇ ಇರಲಿ. 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಕೇಸು, ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಒಂದೇ ಮಗ್ಗು ಅಂತ ಲೆಕ್ಕ ಹಾಕಿಕೊಂಡು ಗಾಡಿ ತೆಗೆಯುವವರು ಈ ಕ್ರಮಕ್ಕೆ ಬರುವುದೇ ಬೇಡ.

ಮೊದಲ ಬಾರು, ಐದೂವರೆ. ಮಧ್ಯಾಹ್ನ ಮೂರರ ಹೊತ್ತಿಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳುತ್ತೇನೆ. ಇವತ್ತು ಮ್ಯಾಚ್ ಸ್ಕ್ರೀನಿಂಗೋ ಖಾಸಗಿ ಪಾರ್ಟಿಯೋ ಇದೆಯಾ? ಕವರ್ ಎಷ್ಟು ಗಂಟೆಯಿಂದ? ಇವತ್ತು ಬಿಯರ್ ಟ್ಯಾಪಿನಲ್ಲಿ ಯಾವ್ಯಾವುದು ಇಲ್ಲ? ಏನೇನಿದೆ ಅಂತ ಕೇಳಿದರೆ ಮೆನು ಓದುತ್ತಾರೆ, ಏನಿಲ್ಲ ಅಂತ ಕೇಳಿದರೆ ನಿಜ ಹೇಳುತ್ತಾರೆ. ನಾಲ್ಕನೇ ಪ್ರಶ್ನೆ ಒಂದಿದೆ, ಕಿಟಕಿ ಪಕ್ಕದ ಟೇಬಲ್ ಸಿಗುವುದು ಅದರಿಂದ. ಅದನ್ನು ನಾನೇ ಇಟ್ಟುಕೊಳ್ಳುತ್ತೇನೆ. ಹ್ಯಾಪಿ ಅವರ್ (ರೇಟು ಇಳಿಸುವ ಹೊತ್ತು) ನಂಬಿ ಹೋಗಬೇಡಿ. ಶನಿವಾರ ಎಷ್ಟೋ ಕಡೆ ಇರುವುದಿಲ್ಲ, ಇದ್ದರೂ ಕಂಪನಿ ಬಿಯರಿಗೆ ಮಾತ್ರ.

ಇಂದಿರಾನಗರ ನೂರಡಿ ರಸ್ತೆಯ ಟಾಯಿಟ್ ಅಂಥ ಕಡೆ ಏಳೂವರೆಗೆ ಹೋದರೆ ಹೆಸರು ಬರೆಸಿ ಹೊರಗೆ ನಿಲ್ಲಬೇಕು. ಐದೂವರೆಗೆ ಹೋದರೆ ನೇರ ಟೇಬಲ್. ಆ ಹೊತ್ತಲ್ಲಿ ಬಡಿಸುವವರಿಗೂ ಪುರಸೊತ್ತು ಇರುತ್ತೆ, ಟೇಸ್ಟರ್ ಕೇಳಿದರೆ ಪುಟ್ಟ ಗ್ಲಾಸಲ್ಲಿ ಎರಡು ಮೂರು ಬಗೆ ತಂದು ಕೊಡುತ್ತಾರೆ. ತಿಳಿ ಬಿಯರಿನಿಂದ ಗಾಢ ಬಿಯರಿಗೆ ಹೋಗಿ: ಗೋಧಿ ಬಿಯರ್, ಆಮೇಲೆ ಕಹಿ ಜಾಸ್ತಿ ಇರುವ ಐಪಿಎ, ಕೊನೆಗೆ ಕಪ್ಪಗಿನ ಸ್ಟೌಟ್. ಜರ್ಮನ್ ಬಗೆಯ ಗೋಧಿ ಬಿಯರ್ ಮಬ್ಬಾಗಿ ಇರಬೇಕು, ಮೂಗಿಗೆ ಬಾಳೆಹಣ್ಣು ಮತ್ತು ಲವಂಗದ ವಾಸನೆ ಬರಬೇಕು, ಅದು ಯೀಸ್ಟಿನ ಗುಣ. ಬೆಣ್ಣೆ ಹಾಕಿದ ಪಾಪ್‌ಕಾರ್ನ್ ವಾಸನೆ ಬಂದರೆ ಬಿಯರ್ ಪೂರ್ತಿ ಪಕ್ವ ಆಗುವ ಮೊದಲೇ ಟ್ಯಾಪಿಗೆ ಬಂದಿದೆ. ವಿನೆಗರ್ ಹುಳಿ ಬಂದರೆ ಹೆಚ್ಚಿನಂಶ ಟ್ಯಾಪಿನ ಪೈಪು ತೊಳೆದಿಲ್ಲ. ಒದ್ದೆ ರಟ್ಟಿನ ವಾಸನೆ ಬಂದರೆ ಗಾಳಿ ಸೋಕಿ ಹಳತಾಗಿದೆ. ಇಂಥದ್ದು ಕಂಡರೆ ಟೇಸ್ಟರಿನಲ್ಲೇ ಬಿಟ್ಟುಬಿಡಿ, ಮಗ್ಗು ಬಂದ ಮೇಲೆ ಜಗಳ ಬೇಡ.

ಗ್ಲಾಸನ್ನೂ ನೋಡಿ. ಬಿಯರ್ ತುಂಬಿದ ಗ್ಲಾಸಿನ ಒಳಗೋಡೆಗೆ ಗುಳ್ಳೆಗಳು ಅಂಟಿಕೊಂಡು ನಿಂತಿದ್ದರೆ ಅಲ್ಲಿ ಜಿಡ್ಡು ಇದೆ. ಚೊಕ್ಕ ಗ್ಲಾಸಿನಲ್ಲಿ ಗುಳ್ಳೆ ಸೀದಾ ಮೇಲೇಳುತ್ತೆ, ಒಂದೊಂದು ಗುಟುಕಿಗೆ ನೊರೆಯ ಒಂದೊಂದು ಬಳೆ ಗ್ಲಾಸಿಗೆ ಅಂಟಿ ಉಳಿಯುತ್ತೆ. ಜಿಡ್ಡಿನ ಗ್ಲಾಸಿನಲ್ಲಿ ಆ ಬಳೆ ಮೂಡುವುದೇ ಇಲ್ಲ, ನೊರೆ ಎರಡು ನಿಮಿಷಕ್ಕೆ ಇಳಿದು ಹೋಗುತ್ತೆ. ಎರಡು ಸಲ ಗ್ಲಾಸ್ ಬದಲಾಯಿಸಿ ಅಂದರೂ ಹಾಗೇ ಬಂದರೆ ಆ ಜಾಗ ನನ್ನ ಪಟ್ಟಿಯಿಂದ ಹೊರಗೆ.

ಇಲ್ಲಿ ಒಬ್ಬೊಬ್ಬರಿಗೆ 500 ಎಂಎಲ್‌ನ ಒಂದೇ ಮಗ್ಗು. ಜನ ಎಡವುವುದು ಈ ಲೆಕ್ಕದಲ್ಲೇ. 5 ಪರ್ಸೆಂಟಿನ 500 ಎಂಎಲ್ ಬಿಯರಿನಲ್ಲಿ ಶುದ್ಧ ಆಲ್ಕೋಹಾಲ್ 25 ಎಂಎಲ್. ನಮ್ಮ ವಿಸ್ಕಿ, ರಮ್ 42.8 ಪರ್ಸೆಂಟು, ಅಂದರೆ 60 ಎಂಎಲ್ ಲಾರ್ಜಿನಲ್ಲಿ ಹತ್ತಿರ ಹತ್ತಿರ 25.7. ಒಂದು ಮಗ್ಗು ಅಂದರೆ ಒಂದು ಲಾರ್ಜೇ. 8 ಪರ್ಸೆಂಟಿನ ಸ್ಟ್ರಾಂಗ್ ಬಿಯರ್ 650 ಎಂಎಲ್ ಬಾಟಲಿಯಲ್ಲಿ 52, ಅದು ಎರಡು ಲಾರ್ಜ್. "ಬಿಯರ್ ತಾನೇ" ಅಂತ ಎರಡು ಸ್ಟ್ರಾಂಗ್ ಮುಗಿಸಿದವರು ಬಾರಿಗೆ ಬರುವ ಮೊದಲೇ ನಾಲ್ಕು ಲಾರ್ಜ್ ಹಾಕಿದ್ದಾರೆ ಅಂತ ಲೆಕ್ಕ. ಇನ್ನೂ ಒಂದು ಕಾರಣ ಇದೆ. ಮುಂದಿನದು ಮೆಟ್ರೋ ಪ್ರಯಾಣ. ಕುಡಿದ ಅಮಲಿನಲ್ಲಿ ಮೆಟ್ರೋ ಹತ್ತುವುದು ಕಾನೂನಿನಲ್ಲೇ ಅಪರಾಧ. ಒಂದು ಮಗ್ಗನ್ನು ಎರಡು ಗಂಟೆ ಎಳೆದರೆ ನೇರ ನಡೆಯುತ್ತೀರಿ.

ಏಳೂವರೆಗೆ ಬಿಲ್. ನಾಲ್ಕು ಮಗ್ಗು, ಎರಡು ಪ್ಲೇಟ್, ಎಲ್ಲ ಸೇರಿ ಎರಡೂವರೆ ಸಾವಿರದೊಳಗೆ. ಮದ್ಯಕ್ಕೆ ಜಿಎಸ್‌ಟಿ ಇಲ್ಲ, ತಿಂಡಿಗೆ ಮಾತ್ರ. ಸಾಮಾನ್ಯ ರೆಸ್ಟೋರೆಂಟಿನಲ್ಲಿ ಅದು 5 ಪರ್ಸೆಂಟು, 7,500 ರೂಪಾಯಿ ದಾಟಿದ ರೂಮು ಕೊಡುವ ಹೋಟೆಲಿನ ಒಳಗಿನದ್ದಾದರೆ 18. ಸರ್ವಿಸ್ ಚಾರ್ಜ್ ಕಂಡರೆ ತೆಗೆಸಿ. ಅದನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ ಅಂತ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿತ್ತು, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಆ ದುಡ್ಡನ್ನು ಬಡಿಸಿದವರ ಕೈಗೇ ಕೊಡಿ, ಅವರಿಗೆ ಪೂರ್ತಿ ಸೇರುತ್ತೆ.

ಒಂದು ಅಡ್ಡ ಪ್ರಯೋಗ ಮಾಡಿದ್ದೆ. ಸದ್ದು ಅಳೆಯುವ ಡೆಸಿಬಲ್ ಆ್ಯಪ್ ಫೋನಿನಲ್ಲಿ ಇಟ್ಟುಕೊಂಡು ಒಂದೇ ಪಬ್ಬಿನ ಒಂದೇ ಟೇಬಲಿನಲ್ಲಿ ಆರಕ್ಕೆ ಮತ್ತು ಒಂಬತ್ತಕ್ಕೆ ಅಳೆದೆ. ಮೊದಲು 70ರ ಆಸುಪಾಸು, ಆಮೇಲೆ 90 ದಾಟಿತು. ಫೋನಿನ ಮೈಕು ಕರಾರುವಾಕ್ಕಲ್ಲ, ಆದರೆ ವ್ಯತ್ಯಾಸ ಸುಳ್ಳಲ್ಲ. 85 ದಾಟಿದ ಮೇಲೆ ಎದುರಿಗೆ ಕೂತವರ ಮಾತು ಕೇಳಿಸುವುದಿಲ್ಲ, ಮಾತಿಲ್ಲದ ಟೇಬಲಿನಲ್ಲಿ ಕುಡಿತ ಬೇಗ ಬೇಗ ಸಾಗುತ್ತೆ. ಬಿಲ್ಲು ಏರುವುದಕ್ಕೆ ಇದೂ ಒಂದು ದಾರಿ ಅನ್ನೋದು ನನ್ನ ಅಭಿಪ್ರಾಯ.

ಎರಡನೆಯದು ಹಳೇ ಬಾರ್ ಅಂಡ್ ರೆಸ್ಟೋರೆಂಟ್. ಹೆಸರು ಹೇಳುವುದಿಲ್ಲ, ಅಲ್ಲಿರುವುದೇ ಹದಿನಾಲ್ಕು ಟೇಬಲ್. ಆರಿಸುವ ರೀತಿ ಹೇಳುತ್ತೇನೆ. ಆಫೀಸು ಬಿಟ್ಟು ನೇರ ಬರುವ ಹಳೇ ಗಿರಾಕಿಗಳಿರುವ ಬಾರು ಬೇಕು. ಅವರು ಎಂಟು, ಎಂಟೂಕಾಲಿಗೆ ಮನೆಗೆ ಎದ್ದು ಹೋಗುತ್ತಾರೆ, ರಾತ್ರಿಯ ಗುಂಪು ಬರುವುದು ಒಂಬತ್ತರ ಮೇಲೆ. ನಡುವಿನ ಆ ಮುಕ್ಕಾಲು ಗಂಟೆಯಲ್ಲಿ ಟೇಬಲ್ ಖಾಲಿ. ಒಂದು ಶನಿವಾರ ಸುಮ್ಮನೆ ಹೊರಗೆ ನಿಂತು ಎಣಿಸಿ ನೋಡಿ, ನಿಮ್ಮ ಕಡೆಯ ಬಾರಿನ ಹೊತ್ತು ಗೊತ್ತಾಗುತ್ತೆ. ಒಳಗೆ ಹೋದ ತಕ್ಷಣ ಕೂರಬೇಡಿ, ಕೈ ತೊಳೆಯುವ ನೆಪದಲ್ಲಿ ಟಾಯ್ಲೆಟ್ ನೋಡಿಕೊಂಡು ಬನ್ನಿ.

ಮೊದಲ ಆರ್ಡರು ಯಾವಾಗಲೂ ಕಡಲೆಬೀಜ ಮಸಾಲ. ಅಗ್ಗದ್ದು, ಅಡುಗೆಮನೆಯ ಗುಟ್ಟೆಲ್ಲ ಅದರಲ್ಲಿ ಬಯಲಾಗುತ್ತೆ. ಈರುಳ್ಳಿಯ ಅಂಚು ಗರಿಗರಿಯಾಗಿ ಕಣ್ಣಿಗೆ ಚುರುಕು ತಾಗಿದರೆ ಈಗ ಹೆಚ್ಚಿದ್ದು. ಅಂಚು ಬಾಡಿ, ತಟ್ಟೆಯ ತಳದಲ್ಲಿ ನೀರು ನಿಂತು, ಬೀಜ ಮೆತ್ತಗಾಗಿದ್ದರೆ ಮಧ್ಯಾಹ್ನದ್ದು. ಮಧ್ಯಾಹ್ನದ ಈರುಳ್ಳಿ ಹಾಕುವ ಕಡೆ ಕಬಾಬನ್ನೂ ಮಧ್ಯಾಹ್ನವೇ ಅರ್ಧ ಕರಿದು ಇಟ್ಟಿರುತ್ತಾರೆ. ಅಂಥಲ್ಲಿ ಮೊಟ್ಟೆಗಿಂತ ಮುಂದೆ ಹೋಗಬೇಡಿ. ಮಸಾಲ ಪಾಸಾದರೆ ಪೆಪ್ಪರ್ ಚಿಕನ್, ಕಬಾಬ್, ರಾತ್ರಿಯ ಊಟವನ್ನೂ ಇಲ್ಲೇ ಮುಗಿಸಿ. ದುಡ್ಡು ಉಳಿಯುವ ಜಾಗ ಇದೇ, ಮೂರನೆಯ ಕಡೆ ಹಸಿವು ಇರಕೂಡದು.

ಪೆಗ್ಗಿನ ಅಳತೆಯ ವಿಷಯ. ಲ್ಯಾಬ್ ಸಾಮಾನು ಮಾರುವ ಅಂಗಡಿಯಿಂದ 100 ಎಂಎಲ್ ಅಳತೆಯ ಸಣ್ಣ ಪ್ಲಾಸ್ಟಿಕ್ ಸಿಲಿಂಡರ್ ತಂದು ಏಳೆಂಟು ಬಾರಿನಲ್ಲಿ ಏನೂ ಬೆರೆಸದ ನೀಟ್ ಲಾರ್ಜ್ ತರಿಸಿ ಸುರಿದು ನೋಡಿದೆ. ಹೆಚ್ಚಿನ ಕಡೆ 58ರಿಂದ 60. ಎರಡು ಕಡೆ ಮಾತ್ರ 52, 54. ಆ ಎರಡೂ ಕಡೆ ಕೌಂಟರಿನ ಹಿಂದೆ ಅಳೆದು, ಐಸ್ ಹಾಕುವುದಕ್ಕೆ ಕೈ ಮುಂದೆ ಮಾಡಿಕೊಂಡೇ ತಂದಿದ್ದರು. ಅಳತೆಯನ್ನು ಸ್ವಲ್ಪ ಓರೆ ಹಿಡಿದರೆ ಐದು ಎಂಎಲ್ ಸಲೀಸಾಗಿ ಕಡಿಮೆ ಆಗುತ್ತೆ, ಕಣ್ಣಿಗೆ ಗೊತ್ತಾಗಲ್ಲ. ಇದಕ್ಕೆ ಜಗಳ ಮದ್ದಲ್ಲ. "ಅಣ್ಣ, ಸೀಲ್ ಕ್ವಾರ್ಟರ್ ಕೊಡಿ, ಇಲ್ಲೇ ಓಪನ್ ಮಾಡಿ" ಅಂದರೆ ಮುಗಿಯಿತು. ಕ್ವಾರ್ಟರ್ ಬಾಟಲಿ 180 ಎಂಎಲ್, ಅಂದರೆ ಸರಿಯಾಗಿ ಮೂರು ಲಾರ್ಜ್. ಎರಡು ಕ್ವಾರ್ಟರ್ ತರಿಸಿದರೆ ನಾಲ್ವರಿಗೆ ತಲಾ ಒಂದೂವರೆ, ಆ ರಾತ್ರಿಗೆ ಅದೇ ಸಾಕು. ಸೋಡಾ ಒಂದೊಂದಾಗಿ ತರಿಸಿ, ನಾಲ್ಕೂ ಒಟ್ಟಿಗೆ ಒಡೆದರೆ ಎರಡು ಗ್ಯಾಸ್ ಹೋಗಿ ವ್ಯರ್ಥ. ಇಲ್ಲಿಯ ಬಿಲ್ ಊಟ ಸೇರಿ ಮೂರು ಸಾವಿರದ ಹತ್ತಿರ.

ಮೂರನೆಯದಕ್ಕೆ ಒಂದು ಹಾಡು, ಒಂದು ಪೈಂಟ್ ಬಿಯರ್, ಅಷ್ಟೇ. ರೆಸ್ಟ್ ಹೌಸ್ ರಸ್ತೆಯ ಪೀಕೋಸ್ 1989ರಿಂದ ಇದೆ, ಹಳೇ ರಾಕ್ ಹಾಡು ಇಷ್ಟ ಇದ್ದವರಿಗೆ ಅದಕ್ಕಿಂತ ಬೇರೆ ಬೇಡ. ಒಂಬತ್ತೂಮುಕ್ಕಾಲಿಗೆ ಒಳಗೆ, ಹತ್ತೂಮುಕ್ಕಾಲಿಗೆ ಹೊರಗೆ. ಕೊನೆಯ ರೈಲು ಎಷ್ಟಕ್ಕೆ ಅನ್ನೋದನ್ನು ಮೊದಲು ಎಂ.ಜಿ. ರಸ್ತೆಯಲ್ಲಿ ಇಳಿದಾಗಲೇ ಕೇಳಿ ಫೋನಿನಲ್ಲಿ ಬರೆದುಕೊಳ್ಳಿ, ಮೆಜೆಸ್ಟಿಕ್‌ನಲ್ಲಿ ಹಸಿರು ಲೈನಿಗೆ ಬದಲಾಯಿಸುವವರು ಅದನ್ನೂ ಸೇರಿಸಿ. ಬಾರುಗಳಿಗೆ ರಾತ್ರಿ ಒಂದರವರೆಗೆ ಅನುಮತಿ ಇದೆ, ಆದರೆ ಆ ಹೊತ್ತಿಗೆ ಎಲ್ಲರೂ ಒಟ್ಟಿಗೆ ಹೊರಗೆ ಬರುತ್ತಾರೆ, ಆಟೋ ಬಾಯಿಗೆ ಬಂದ ರೇಟು. ರೈಲು ತಪ್ಪಿದವರಿಗೆ ಆಟೋ ಸಿಗುವ ಒಂದು ಅಡ್ಡರಸ್ತೆ ನನಗೆ ಗೊತ್ತು, ಅದೂ ನನ್ನಲ್ಲೇ ಇರಲಿ.

ಕೈಕೊಟ್ಟ ದಾರಿಗಳು. ಇಂದಿರಾನಗರದಿಂದ ಕೋರಮಂಗಲ ಐದನೇ ಬ್ಲಾಕ್: ನಕ್ಷೆಯಲ್ಲಿ ಐದಾರು ಕಿಲೋಮೀಟರ್, ಶನಿವಾರ ಎಂಟಕ್ಕೆ ದೊಮ್ಮಲೂರು ಕಡೆಯಿಂದ ಐವತ್ತು ನಿಮಿಷ, ಕ್ಯಾಬಿಗೆ ಮುನ್ನೂರರ ಹತ್ತಿರ. ಎರಡು ಸಲ ಮಾಡಿ ಬಿಟ್ಟೆ. ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್‌ನ ಬಿಯರೂ ಜಾಝೂ ಚೆನ್ನಾಗಿದೆ, ಆದರೆ ಅದಕ್ಕೆ ಒಂದು ಸಂಜೆ ಪೂರ್ತಿ ಕೊಡಬೇಕು, ಮೂರರಲ್ಲಿ ಒಂದಾಗಿ ಕೂರುವುದಿಲ್ಲ. ಚಿನ್ನಸ್ವಾಮಿಯಲ್ಲಿ ಮ್ಯಾಚ್ ಇರುವ ದಿನ ಎಂ.ಜಿ. ರಸ್ತೆ ಕಡೆ ತಲೆ ಹಾಕಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ತಾರಸಿ ಮೇಲಿನ ಪಬ್ಬು ಬೇಡ. ಐದೂವರೆ ಆರಕ್ಕೆ ಸರಿಯಾಗಿ ಮಳೆ ಹೊಡೆಯುತ್ತೆ, ಒಳಗೆ ಟೇಬಲ್ ಇರಲ್ಲ, ಅರ್ಧ ಮಗ್ಗು ಹಿಡಿದು ಮೆಟ್ಟಿಲಲ್ಲಿ ನಿಲ್ಲಬೇಕು. ಚುನಾವಣೆ ಇದ್ದರೆ ಮತದಾನ ಮುಗಿಯುವುದಕ್ಕೆ 48 ಗಂಟೆ ಮೊದಲೇ ಬಂದ್, ಎಣಿಕೆಯ ದಿನವೂ ಬಂದ್. ಗಣೇಶ ವಿಸರ್ಜನೆ ಸಮಯದಲ್ಲಿ ಪೊಲೀಸರು ಒಂದೊಂದು ಏರಿಯಾಕ್ಕೆ ಒಂದೊಂದು ದಿನ ಮುಚ್ಚಿಸುತ್ತಾರೆ, ಆದ್ದರಿಂದ ಮೂರೂ ಬಾರಿಗೆ ಬೇರೆ ಬೇರೆಯಾಗಿ ಫೋನ್ ಮಾಡಿ.

ಆರು ಜನಕ್ಕೆ ಇದನ್ನು ಹಿಗ್ಗಿಸಿ ನೋಡಿದೆ, ಆಗಲಿಲ್ಲ. ಹಳೇ ಬಾರಿನ ಟೇಬಲ್ ನಾಲ್ಕು ಕುರ್ಚಿಯದ್ದು. ಎರಡು ಟೇಬಲ್ ಕೂಡಿಸಿ ಅಂದರೆ ಒಂಬತ್ತು ಗಂಟೆ ಆಗುತ್ತೆ, ಅಷ್ಟರಲ್ಲಿ ರಾತ್ರಿಯ ಗುಂಪು ಬಂದು ಕೂತಿರುತ್ತೆ. ಐದನೆಯವರು ಬರುತ್ತೇನೆ ಅಂದರೆ ಈಗ ಮುಂದಿನ ವಾರಕ್ಕೆ ಹೆಸರು ಬರೆದುಕೊಳ್ಳುತ್ತೇನೆ.